ಗಾನವೈಭವದ ಮಕ್ಕಳು

ಕಳೆದ ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಅಕ್ಕ ಮೊಬೈಲ್ ಹಿಡಿದುಕೊಂಡೇ ಎದುರು ಬಂದಳು. ಅದರಲ್ಲಿ ಅವಳ ಮಗನ ವೀಡಿಯೋ. ಸೆಕೆಂಡ್ ಪಿಯುಸಿ ಹುಡುಗ, ವೇದಿಕೆ ಮೇಲೆ ಚೆಂಡೆ ಬಾರಿಸುತ್ತಿದ್ದಾನೆ, ಕೋಲುಗಳು ಕಣ್ಣಿಗೆ ಕಾಣುವುದಿಲ್ಲ, ಅಷ್ಟು ವೇಗ. ಕೆಳಗೆ ಯಾರೋ ಬೆಂಕಿಯ ಚಿತ್ರಗಳನ್ನು ಸಾಲಾಗಿ ಹಾಕಿದ್ದಾರೆ. ನಾನು ಖುಷಿಯಲ್ಲಿ ಏನೋ ಹೇಳಹೊರಟೆ. ಅಕ್ಕನ ಮುಖ ನೋಡಿ ಸುಮ್ಮನಾದೆ. "ಪರೀಕ್ಷಿ ಮುಗ್ದ್ ಮೇಲ್ ಮೇಳಕ್ ಹೋತ್ನಂಬ್ರು. ನೀನೇ ಒಂದ್ ಮಾತ್ ಹೇಳ್ ಮಾರಾಯ. ನಮ್ ಮಾತ್ ಅವ್ನ್ ಕಿವಿಗ್ ಹೋತಿಲ್ಲೆ."

ನನಗೆ ಯಾಕೆ ಹೇಳಿದಳು ಅನ್ನೋದು ನಂಗೆ ಗೊತ್ತು. ನಾನು ಮದ್ದಳೆ ಬಿಟ್ಟು ಬಿಇ ಮಾಡಿದವ. ಬಿಟ್ಟರೆ ಏನು ಸಿಗುತ್ತದೆ ಅನ್ನೋದಕ್ಕೆ ಮನೆಯಲ್ಲಿರುವ ಉದಾಹರಣೆ.

ಮಾತಾಡುವ ಮೊದಲು ಅವನು ಬಾರಿಸುವುದನ್ನು ಎದುರಿಗೆ ಕೂತು ಕೇಳೋಣ ಅಂತ ಅದೇ ವಾರ ಕುಂದಾಪುರದ ಒಂದು ಹಾಲ್‌ನಲ್ಲಿ ನಡೆದ ಗಾನವೈಭವಕ್ಕೆ ಹೋದೆ. ಘಟ್ಟದ ಮೇಲಿನವರಿಗಾಗಿ ಹೇಳುವುದಾದರೆ, ಗಾನವೈಭವ ಅಂದರೆ ಯಕ್ಷಗಾನದ ಹಿಮ್ಮೇಳ ಮಾತ್ರ. ಭಾಗವತರು, ಮದ್ದಳೆ, ಚೆಂಡೆ. ವೇಷವಿಲ್ಲ, ಕುಣಿತವಿಲ್ಲ, ಅರ್ಥವಿಲ್ಲ. ಇಬ್ಬರು ಭಾಗವತರು ಇದ್ದರೆ ದ್ವಂದ್ವ. ಒಬ್ಬರು ಒಂದು ಸಾಲು ಹೇಳಿದರೆ ಇನ್ನೊಬ್ಬರು ಅದನ್ನೇ ಇನ್ನೊಂದು ರಾಗಕ್ಕೆ ಎತ್ತಿಕೊಳ್ಳುತ್ತಾರೆ. ಮದುವೆ, ಗೃಹಪ್ರವೇಶ, ದೇವಸ್ಥಾನದ ವಾರ್ಷಿಕೋತ್ಸವ, ಬೆಂಗಳೂರಿನ ನಮ್ಮೂರಿನವರ ಸಂಘ, ಎಲ್ಲ ಕಡೆಯೂ ಈಗ ಇದುಂಟು. ಖರ್ಚು ಕಡಿಮೆ, ಹೊತ್ತು ಕಡಿಮೆ.

ಅಳಿಯ ಎರಡು ಪದ್ಯಕ್ಕೆ ಚೆಂಡೆಗೆ ಬಂದ. ಕೈ ಬಹಳ ಚೆನ್ನಾಗಿದೆ. ಇದನ್ನು ಮಾವನ ಪ್ರೀತಿಯಿಂದ ಹೇಳುತ್ತಿಲ್ಲ, ಪೆಟ್ಟು ಒಂದೊಂದೂ ಬಿಡಿಬಿಡಿಯಾಗಿ ಬೀಳುತ್ತಿತ್ತು. ಆದರೆ ಎರಡನೇ ಪದ್ಯ ಮಗನನ್ನು ಕಳಕೊಂಡ ತಾಯಿಯದ್ದು. ಭಾಗವತರು ಆಲಾಪನೆ ಮುಗಿಸಿ ಪದ್ಯದ ಕೊನೆಗೆ ಬಂದಾಗ ಎರಡು ಚೆಂಡೆಗಳು ಒಟ್ಟಿಗೆ ಎದ್ದವು. ಮೂರು ನಿಮಿಷ ಉರುಳಿಕೆ. ಹಾಲ್ ಶಿಳ್ಳೆ ಹೊಡೆಯಿತು. ತಾಯಿ ಎಲ್ಲಿ ಹೋದಳು ಅಂತ ಯಾರೂ ಕೇಳಲಿಲ್ಲ. ನಾನೂ ಚಪ್ಪಾಳೆ ತಟ್ಟಿದೆ, ಅದು ಬೇರೆ ಮಾತು.

ನಾನು ಕಲಿತದ್ದು ವಂಡ್ಸೆ ಕಡೆಯ ನಮ್ಮ ಹಳ್ಳಿಯಲ್ಲಿ, ಎಂಟನೇ ಕ್ಲಾಸಿನಲ್ಲಿ. ಗುರುಗಳು ಮೇಳದ ತಿರುಗಾಟ ನಿಲ್ಲಿಸಿ ಮನೆಯಲ್ಲಿದ್ದವರು. ಮೊದಲ ಮಳೆಗಾಲ ಪೂರ್ತಿ ಮದ್ದಳೆ ಮುಟ್ಟಲು ಬಿಡಲಿಲ್ಲ. ಏಕ, ಆದಿ, ಅಷ್ಟ, ಝಂಪೆ, ರೂಪಕ, ತಿತ್ತಿತ್ತೈ, ಎಲ್ಲ ಬಾಯಲ್ಲಿ ಹೇಳಿ ಕೈಯಲ್ಲಿ ತೊಡೆ ಮೇಲೆ ಹಾಕಬೇಕು. ಶಾಲೆಯ ಬೆಂಚು, ಬಸ್ಸಿನ ಕಂಬಿ, ಊಟದ ಬಟ್ಟಲು, ಯಾವುದೂ ನನ್ನ ಕೈಗೆ ಬಚಾವಾಗಲಿಲ್ಲ. ಹದಿಮೂರು ವರ್ಷದ ಹುಡುಗನಿಗೆ ಅದು ಏನಾಗಿತ್ತು ಅಂತ ಈಗ ಯೋಚಿಸಿದರೆ, ಗುಟ್ಟಿನ ಹಾಗೆ ಏನೋ ಒಂದು. ಗಣಿತದ ಪೀರಿಯಡ್‌ನಲ್ಲಿ ಎಲ್ಲರೂ ಬೋರ್ಡು ನೋಡುತ್ತಿರುವಾಗ ನನ್ನೊಳಗೆ ಝಂಪೆಯ ಹತ್ತು ಅಕ್ಷರ ತಿರುಗುತ್ತಿತ್ತು. ನಾನು ಓದಿನಲ್ಲಿ ಮಧ್ಯದವ, ಆಟದಲ್ಲಿ ಕೊನೆಯವ. ನನ್ನದೇ ಅಂತ ಇದ್ದದ್ದು ಅದೊಂದೇ.

ಮೊದಲು ನಾಲ್ಕು ಜನರ ಎದುರು ಬಾರಿಸಿದ್ದು ಹೂವಿನಕೋಲಿನಲ್ಲಿ. ನವರಾತ್ರಿಯಲ್ಲಿ ಮನೆಮನೆಗೆ ಹೋಗುವ ತಂಡ. ಒಬ್ಬ ಭಾಗವತ, ಒಂದು ಮದ್ದಳೆ, ಶ್ರುತಿ ಹಿಡಿಯಲು ಒಬ್ಬ, ಹೂ ಕಟ್ಟಿದ ಕೋಲು ಹಿಡಿದು ಎದುರುಬದುರು ಕೂರುವ ಮಕ್ಕಳು. ಮೊದಲು ಮನೆಯವರಿಗೆ ಒಳ್ಳೆಯದಾಗಲಿ ಅಂತ ಹರಸುವ ಪದ್ಯ, ಆಮೇಲೆ ಪ್ರಸಂಗದ ಒಂದು ತುಣುಕು, ಮಕ್ಕಳದ್ದೇ ಮಾತುಗಾರಿಕೆ. ಅಕ್ಕಿ, ತೆಂಗಿನಕಾಯಿ, ಹತ್ತೋ ಇಪ್ಪತ್ತೋ ರೂಪಾಯಿ, ಮುಂದಿನ ಮನೆ. ಮೂರನೇ ಮನೆಯಲ್ಲಿ ನಾನು ತಾಳ ತಪ್ಪಿದೆ. ಗುರುಗಳು ತಾಳ ಕುಟ್ಟುವುದನ್ನು ನಿಲ್ಲಿಸದೆ ನನ್ನ ಕಡೆ ಒಂದು ನೋಟ ಬಿಟ್ಟರು. ಆ ಮನೆಯ ಅಜ್ಜಿಗೆ ಅದೊಂದೂ ಗೊತ್ತಾಗಲಿಲ್ಲ. ನಾಲ್ಕನೇ ಮನೆಯಲ್ಲಿ ಅದೇ ಪದ್ಯ, ತಪ್ಪಲಿಲ್ಲ. ಒಂದು ರಾತ್ರಿಗೆ ಹದಿನೈದು ಮನೆ ಅಂದರೆ ಹದಿನೈದು ಸಲ ತಿದ್ದಿಕೊಳ್ಳುವ ಅವಕಾಶ. ಯಾವ ಸಂಗೀತ ಶಾಲೆಯೂ ಇಂಥದ್ದೊಂದು ಪಠ್ಯಕ್ರಮ ಮಾಡಿದ್ದನ್ನು ನಾನು ಕಂಡಿಲ್ಲ.

ಮುಂದಿನ ವರ್ಷ ಗುರುಗಳು ನಮ್ಮೂರಿನ ಹರಕೆ ಆಟದಲ್ಲಿ ಮೇಳದವರ ಹತ್ತಿರ ಹೇಳಿ ಪೂರ್ವರಂಗಕ್ಕೆ ನನ್ನನ್ನು ಕೂರಿಸಿದರು. ಎದುರಿಗೆ ಬಾಲಗೋಪಾಲ ವೇಷದ ಇಬ್ಬರು ಹುಡುಗರು, ಹೆಚ್ಚುಕಡಿಮೆ ನನ್ನದೇ ವಯಸ್ಸು. ನಾನು ಹೆದರಿ ತಲೆ ತಗ್ಗಿಸಿ ನನ್ನ ಬೆರಳುಗಳನ್ನೇ ನೋಡುತ್ತಿದ್ದೆ. ಹಿಂದಿನಿಂದ ಗುರುಗಳ ದನಿ: "ವೇಷದ ಕಾಲ್ ಕಾಣ್ ಮಾಣಿ. ನಿನ್ ಕೈ ಕಾಂಬುಕಾಗ." ತಲೆ ಎತ್ತಿದೆ. ಗೆಜ್ಜೆ ಕಟ್ಟಿದ ಒಂದು ಕಾಲು ನೆಲಕ್ಕೆ ಬರುತ್ತಾ ಇತ್ತು, ಅದಕ್ಕೆ ನನ್ನ ಪೆಟ್ಟು ಬೇಕಾಗಿತ್ತು. ನಾನು ಕೊಡದಿದ್ದರೆ ಅದು ಗಾಳಿಯಲ್ಲೇ ಉಳಿಯುತ್ತದೆ ಅನ್ನಿಸಿತು. ನನ್ನಿಂದ ಇನ್ನೊಬ್ಬರಿಗೆ ಏನೋ ಆಗಬೇಕಾದ್ದಿದೆ ಅಂತ ನನಗೆ ಗೊತ್ತಾದದ್ದು ಅವತ್ತೇ ಮೊದಲು.

ಗಾನವೈಭವದ ಮೇಲಿನ ನನ್ನ ತಕರಾರು ಅಲ್ಲಿಂದ ಬಂದದ್ದು. ಪದ್ಯ ಯಕ್ಷಗಾನದಲ್ಲಿ ಒಂಟಿಯಾಗಿ ನಿಲ್ಲುವ ಸಂಗತಿಯಲ್ಲ. ಬಯಲಾಟದಲ್ಲಿ ಅದು ಕಾಲಿಗೆ ದಾರಿ ಬಿಡಬೇಕು. ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ, ಆದರೆ ಅಲ್ಲಿ ಪದ್ಯ ಮಾತಿಗೆ ದಾರಿ ಬಿಡುತ್ತದೆ. ಹೂವಿನಕೋಲಿನಲ್ಲೂ ಹಾಗೇ. ನಮ್ಮ ಕೋಟದ ಶಿವರಾಮ ಕಾರಂತರು ಬ್ಯಾಲೆ ಮಾಡುವಾಗ ಮಾತನ್ನು ಹಿಂದೆ ಸರಿಸಿ ಪಿಟೀಲು, ಸ್ಯಾಕ್ಸೋಫೋನ್ ತಂದರು. ಅದಕ್ಕೆ ಬೈಸಿಕೊಂಡರು ಕೂಡ. ಆದರೆ ಕಾಲನ್ನು ಬಿಡಲಿಲ್ಲ. ಗಾನವೈಭವದ ಪದ್ಯ ಮಾತ್ರ ಯಾರಿಗೂ ದಾರಿ ಬಿಡಬೇಕಾಗಿಲ್ಲ. ಎಷ್ಟು ಎಳೆದರೂ ಕೇಳುವವರಿಲ್ಲ, ಕಾಲೆತ್ತಿ ಕಾಯುತ್ತಿರುವ ವೇಷ ಎದುರಿಗಿಲ್ಲ. ಅಂಥಲ್ಲಿ ಚೆಂಡೆಯವನಿಗೆ ನಿಲ್ಲಲು ಕಾರಣವೇ ಇಲ್ಲ. ಚಪ್ಪಾಳೆ ಬಂದಾಗ ನಿಲ್ಲಿಸುತ್ತಾನೆ. ಬಾರದಿದ್ದರೆ ಇನ್ನೊಂದು ಸುತ್ತು.

ಇಷ್ಟು ಬರೆದ ಮೇಲೆ ಒಂದು ವಿಷಯ ಒಪ್ಪಿಕೊಳ್ಳದಿದ್ದರೆ ತಪ್ಪಾಗುತ್ತದೆ. ನನಗೆ ಹುಚ್ಚು ಹಿಡಿಸಿದ್ದು ಗುರುಗಳಲ್ಲ, ಕಾಳಿಂಗ ನಾವುಡರ ಕ್ಯಾಸೆಟ್. ಗುಂಡ್ಮಿಯ ನಾವುಡರು ಹುಟ್ಟಿದ್ದು 1958ರಲ್ಲಿ, ರಸ್ತೆ ಅಪಘಾತದಲ್ಲಿ ತೀರಿಕೊಂಡದ್ದು 1990ರಲ್ಲಿ. ನಾನಾಗ ತೊಟ್ಟಿಲಿಂದ ಇಳಿದವನಷ್ಟೆ. ಅವರು ಆಡಿಸಿದ ಒಂದು ಆಟವನ್ನೂ ನಾನು ನೋಡಿಲ್ಲ. ನಮ್ಮ ಅಂಗಡಿಯ ಟೇಪ್‌ರೆಕಾರ್ಡರಿನಲ್ಲಿ, ಸಾಲಿಗ್ರಾಮ ಮೇಳದ ಹೆಸರು ಬರೆದ ಸವೆದ ಕ್ಯಾಸೆಟ್ಟುಗಳಲ್ಲಿ ಕೇಳಿದ್ದು. ಅವರೇ ಬರೆದ 'ನಾಗಶ್ರೀ'ಯ ಪದ್ಯಗಳಿಗೆ ಯಾವ ವೇಷ ಹೇಗೆ ಕುಣಿಯಿತು ಅಂತ ನನಗೆ ಏನು ಗೊತ್ತು? ಬರೀ ದನಿ. ಬರೀ ಹಿಮ್ಮೇಳ. ಅಂದರೆ ನಾನೂ ಗಾನವೈಭವದ ಮಗುವೇ. ಅವರ ಕಾಲದಲ್ಲೂ ಹಿರಿಯರು ಇದೇ ತಕರಾರು ಎತ್ತಿದ್ದರು, ಹೊಸ ರಾಗ ತಂದ, ಮಟ್ಟು ಕೆಡಿಸಿದ ಅಂತ. ಅದಕ್ಕಿಂತ ಹಿಂದೆ ಹಿರಿಯಡ್ಕ ಗೋಪಾಲರಾಯರು ಏರು ಶ್ರುತಿಯ ಮದ್ದಳೆ ಹಿಡಿದಾಗಲೂ ಹಳಬರ ಕಿವಿಗೆ ಅದು ಹೊಸತೇ ಆಗಿದ್ದಿರಬೇಕು. ಆ ಗೋಪಾಲರಾಯರು ನೂರು ದಾಟಿ ಬದುಕಿ 2020ರಲ್ಲಿ ಹೋದರು, ಆ ಹೊತ್ತಿಗೆ ಏರು ಮದ್ದಳೆಯೇ ಪರಂಪರೆಯಾಗಿತ್ತು.

ಹಾಗಾದರೆ ನನ್ನ ತಕರಾರು ಬರೀ ವಯಸ್ಸಾದವನ ಗೊಣಗಾಟವಾ? ಪೂರ್ತಿ ಅಲ್ಲ ಅಂದುಕೊಂಡಿದ್ದೇನೆ. ನಾವುಡರನ್ನು ಕೇಳಿ ಹುಚ್ಚಾದವರು ಕಲಿಯಲು ಹೋದಲ್ಲಿ ಕಾಲು ಇತ್ತು. ಇಡೀ ರಾತ್ರಿಯ ಆಟ ಇತ್ತು. ಬಡಗಿನಲ್ಲಿ ಮುಖ್ಯ ಭಾಗವತರು ಬರುವ ಮೊದಲು ಪೂರ್ವರಂಗ ನಡೆಸುವ ಎಳೆಯ ಭಾಗವತನಿಗೆ ಸಂಗೀತಗಾರ ಅಂತಲೇ ಹೆಸರು. ವೇಷದಲ್ಲಿ ಕೋಡಂಗಿ, ಬಾಲಗೋಪಾಲ ಹೇಗೋ ಹಿಮ್ಮೇಳದಲ್ಲಿ ಅವನು ಹಾಗೆ. ಜನ ಇನ್ನೂ ಊಟಕ್ಕೆ ಕೂತಿರುತ್ತಾರೆ, ಮಕ್ಕಳು ಚುರುಮುರಿ ಗಾಡಿಯ ಹತ್ತಿರ ಇರುತ್ತಾರೆ, ಯಾರೂ ಸರಿಯಾಗಿ ಕೇಳುವುದಿಲ್ಲ. ಕಲಿಯುವವನಿಗೆ ಅದೇ ಬೇಕು. ಆಟ ಕಾಲಮಿತಿಗೆ ಬಂದಾಗ ಮೊದಲು ಕತ್ತರಿ ಬಿದ್ದದ್ದು ಅಲ್ಲಿಗೆ. ಪ್ರೇಕ್ಷಕನಿಗೆ ನಷ್ಟವಿಲ್ಲ, ಮರುದಿನ ಆಫೀಸಿಗೆ ಹೋಗಬೇಕಾದ ನನ್ನಂಥವನಿಗೆ ಲಾಭವೇ. ನಷ್ಟವಾದದ್ದು ಹದಿನಾರರ ಹುಡುಗನಿಗೆ.

ಮಕ್ಕಳಿಗೆ ಯಾರೂ ಏನೂ ಮಾಡಲಿಲ್ಲ ಅಂತಲ್ಲ. ಸಾಲಿಗ್ರಾಮದ ಮಕ್ಕಳ ಮೇಳ 1975ರಿಂದ ಇದೆ. ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಗುರುಕುಲದ ಹಾಗೆ ಉಳಿದುಕೊಂಡು ಕಲಿತವರಿದ್ದಾರೆ. ಈಗ ಬ್ರಹ್ಮಾವರ, ಕುಂದಾಪುರ, ಬೈಂದೂರಿನ ಹೈಸ್ಕೂಲುಗಳಲ್ಲೂ ಯಕ್ಷಶಿಕ್ಷಣ ಬಂದಿದೆ, ಹುಡುಗಿಯರು ಗದೆ ಹಿಡಿದು ಭೀಮನಾಗುತ್ತಾರೆ, ನೋಡಲು ಕಣ್ಣು ಸಾಲದು. ಆದರೆ ನಾನು ನೋಡಿದ ಶಾಲೆಯ ಆಟಗಳಲ್ಲಿ ಮುಮ್ಮೇಳದಲ್ಲಿ ಮೂವತ್ತು ಮಕ್ಕಳು, ಹಿಮ್ಮೇಳದಲ್ಲಿ ಮಾತ್ರ ಎಲ್ಲ ಮೀಸೆ ಬಂದವರು. ಕುಣಿತ ಒಂದು ವರ್ಷದಲ್ಲಿ ರಂಗಕ್ಕೆ ಬರುವಷ್ಟಾದರೂ ಆಗುತ್ತದೆ, ಮದ್ದಳೆ ಆಗುವುದಿಲ್ಲ. ವಾರ್ಷಿಕೋತ್ಸವದ ಫೋಟೋದಲ್ಲಿ ಕಿರೀಟ ಕಾಣುತ್ತದೆ, ಮದ್ದಳೆಯವನ ತಲೆ ಅರ್ಧ ಕಂಡರೆ ಹೆಚ್ಚು. ಹಾಗಾಗಿ ಬಾರಿಸುವ ಹುಚ್ಚಿನ ಹುಡುಗ ಎಲ್ಲಿಗೆ ಹೋಗಬೇಕು? ಅವನಿಗೆ ಬಾಗಿಲು ತೆರೆದದ್ದು ಗಾನವೈಭವ ಒಂದೇ. ಅದನ್ನು ಬೈಯುವಾಗ ಇದು ನೆನಪಿರಬೇಕು, ನನಗೆ ಅವತ್ತು ಹಾಲ್‌ನಲ್ಲಿ ಇರಲಿಲ್ಲ.

ನನ್ನ ಕಥೆ ಬೇಗ ಮುಗಿಸುತ್ತೇನೆ. ಎಸ್ಸೆಸ್ಸೆಲ್ಸಿ ಮುಗಿದಾಗ ಅಪ್ಪಯ್ಯ ಜಗಲಿಯಲ್ಲಿ ಕೂತು ಕೇಳಿದರು, "ಮದ್ಲಿ ಬಡ್ಕಂಡ್ ಹೊಟ್ಟಿ ತುಂಬತ್ತಾ ಮಗ?" ಸಿಟ್ಟಿನಲ್ಲಿ ಕೇಳಿದ್ದಲ್ಲ. ಉತ್ತರ ಗೊತ್ತಿಲ್ಲದೆ ಕೇಳಿದ್ದು. ನನಗೂ ಗೊತ್ತಿರಲಿಲ್ಲ. ಸಯನ್ಸ್ ತಗೊಂಡೆ, ಬಿಇ ಆಯಿತು, ಬೆಂಗಳೂರಾಯಿತು. ಮದ್ದಳೆ ಉಪ್ಪರಿಗೆಯಲ್ಲಿ ತೂಗುತ್ತಿತ್ತು. ಒಂದು ಮಳೆಗಾಲದಲ್ಲಿ ಬಲಗಡೆಯ ಮುಚ್ಚಿಗೆ ಒಡೆದಿದೆ ಅಂತ ಅಮ್ಮ ಫೋನಿನಲ್ಲಿ ಹೇಳಿದಳು, ಹಂಚು ಸೋರಿದ ಸುದ್ದಿಯ ಜೊತೆಗೆ. ಈಗಲೂ ಮೀಟಿಂಗ್‌ಗಳಲ್ಲಿ ನನ್ನ ಬೆರಳು ಮೇಜಿನ ಮೇಲೆ ತಿತ್ತಿತ್ತೈ ಹಾಕುತ್ತದೆ, ಮ್ಯೂಟ್ ಮಾಡು ಅಂತ ಟೀಮಿನವರು ಹೇಳುತ್ತಾರೆ.

ಗಾನವೈಭವ ಮುಗಿದ ರಾತ್ರಿ ಅಳಿಯನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೆಮ್ಮಾಡಿಯ ಮೇಲೆ ಮನೆಗೆ ಬರುವಾಗ ಕೇಳಿದೆ, ತಾಯಿಯ ಪದ್ಯಕ್ಕೆ ಅಷ್ಟು ಉರುಳಿಕೆ ಬೇಕಿತ್ತಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದ. "ಬೇಡ ಇತ್ತ್ ಮಾವ. ಆದ್ರೆ ಅಲ್ಲ್ ಒಂದ್ ಪೆಟ್ ತಪ್ರೂ ವೀಡಿಯೋ ಆತ್ತ್, ಎಲ್ಲಾ ಗ್ರೂಪಲ್ಲೂ ಓಡತ್ತ್. ಅದ್ಕೇ ನಾನ್ ಗೊತ್ತಿಪ್ಪುದನ್ನೇ ಬಾರ್ಸುದ್."

ನಾನು ಉಪದೇಶಕ್ಕೆ ತಯಾರಾಗಿ ಬಂದವ. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹೂವಿನಕೋಲಿನ ಅಜ್ಜಿಯ ಕೈಯಲ್ಲಿ ಮೊಬೈಲ್ ಇದ್ದಿದ್ದರೆ ನಾನು ನಾಲ್ಕನೇ ಮನೆಗೆ ಹೋಗುತ್ತಿದ್ದೆನಾ? ಹದಿನೇಳಕ್ಕೇ ಈ ಹುಡುಗ ತಪ್ಪದಿರುವುದನ್ನು ಕಲಿತುಬಿಟ್ಟಿದ್ದಾನೆ. ಅವನ ಚೆಂಡೆಯಲ್ಲಿ ನನಗೆ ಸಾಲದೆ ಬಂದದ್ದು ಏನು ಅಂತ ಅವನೇ ಹೇಳಿದ ಹಾಗಾಯಿತು. ಮೇಳಕ್ಕೆ ಯಾಕೆ ಹೋಗಬೇಕು ಅಂತ ಕೇಳಿದ್ದಕ್ಕೆ, ದಿನಾ ಆಟ ಇದ್ದರೆ ಒಂದು ದಿನ ಕೆಟ್ಟರೂ ಮರುದಿನ ಇರುತ್ತದಲ್ಲ, ಅಂದ.

ಅಕ್ಕನಿಗೆ ಆ ರಾತ್ರಿ ಏನೂ ಹೇಳಲಿಲ್ಲ. ಬೆಳಿಗ್ಗೆ ಉಪ್ಪರಿಗೆಯಿಂದ ಮದ್ದಳೆ ಇಳಿಸಿದೆವು. ಮುಚ್ಚಿಗೆ ಹಾಕಿಸಲು ಕೊಟ್ಟು ಬರುವಾಗ ಅವನು, ಚೆಂಡೆಗಿಂತ ಇದು ಕಷ್ಟ, ಅಲ್ಲವಾ ಮಾವ ಅಂತ ಕೇಳಿದ. ಅಕ್ಕನಿಗೆ ಆಮೇಲೆ ಹೇಳಿದ್ದು ಇಷ್ಟೆ: ಪರೀಕ್ಷೆ ಬರೆಯಲಿ, ಡಿಗ್ರಿಗೂ ಸೇರಲಿ, ಆದರೆ ತಿರುಗಾಟ ಮುಗಿಯುವುದರೊಳಗೆ ಹರಕೆ ಆಟಗಳಲ್ಲಿ ಪೂರ್ವರಂಗಕ್ಕೆ ಕೂರುವುದನ್ನು ತಪ್ಪಿಸಬೇಡಿ. ಹರಕೆ ಮೇಳಗಳಲ್ಲಿ ಅದು ಈಗಲೂ ಅಷ್ಟಿಷ್ಟು ಉಳಿದಿದೆ. ಅಕ್ಕ ಒಪ್ಪಿದಳು ಅಂತಲ್ಲ. ಭಾವ ಮುಖ ತಿರುಗಿಸಿದರು.

ಏಪ್ರಿಲ್‌ನಲ್ಲಿ ನೆಂಟರ ಮನೆಯ ಗದ್ದೆಯಲ್ಲಿ ಹರಕೆ ಆಟ. ರಜೆ ಹಾಕಿ ಹೋಗಿದ್ದೆ. ಸಂಜೆ ಏಳೂವರೆ ಇರಬೇಕು. ಕುರ್ಚಿಗಳು ಖಾಲಿ, ಮುಂದಿನ ಸಾಲಿನಲ್ಲಿ ಎರಡು ಪುಟ್ಟ ಮಕ್ಕಳು, ಒಂದು ನಾಯಿ. ಬಾಲಗೋಪಾಲರು ಬಂದರು. ಅಳಿಯ ನನ್ನ ಮದ್ದಳೆ ಇಟ್ಟುಕೊಂಡು ಕೂತಿದ್ದ. ಎರಡನೇ ಬಿಡ್ತಿಗೆಯಲ್ಲಿ ತಪ್ಪಿದ, ಚೆನ್ನಾಗಿಯೇ ತಪ್ಪಿದ. ಭಾಗವತರು ತಾಳ ನಿಲ್ಲಿಸದೆ ಅವನ ಕಡೆ ಒಮ್ಮೆ ನೋಡಿದರು. ಅವನು ಅವರನ್ನು ನೋಡಲಿಲ್ಲ, ಎದುರಿನ ಹುಡುಗನ ಕಾಲು ನೋಡುತ್ತಿದ್ದ. ಹಿಂದಿನಿಂದ ಯಾರೋ ಊಟಕ್ಕೆ ಕರೆದರು, ನಾನು ಎದ್ದು ಹೋದೆ.