ಅಣಿಗೊಳಿಸುವ ಎಣ್ಣೆ

ಮೈಸೂರಿನ ಕಥೋಲಿಕ ಕುಟುಂಬಗಳು ಗಂಭೀರ ಕಾಯಿಲೆಯ ಮಗುವನ್ನು ದೊಡ್ಡ ಶಸ್ತ್ರಚಿಕಿತ್ಸೆಗೆ ಅಣಿಗೊಳಿಸುವಾಗ ಆಶ್ರಯಿಸುವ ವಸ್ತುಗಳಲ್ಲಿ ಅತ್ಯಂತ ಸರಳವಾದುದು, ಅಷ್ಟೇ ಗಹನವಾದುದು, ರೋಗಿಗಳ ತೈಲ. ಪವಿತ್ರ ವಾರದಲ್ಲಿ ಧರ್ಮಾಧ್ಯಕ್ಷರು, ಎಂದರೆ ಧರ್ಮಕ್ಷೇತ್ರದ ಮುಖ್ಯ ಗುರುಗಳು, ಆಶೀರ್ವದಿಸುವ ಮೂರು ತೈಲಗಳಲ್ಲಿ ಇದೂ ಒಂದು. ಸಾಂಪ್ರದಾಯಿಕವಾಗಿ ಆಲಿವ್ ಎಣ್ಣೆಯೇ ಬಳಕೆಯಲ್ಲಿದ್ದರೂ 1972ರಲ್ಲಿ ಪೋಪ್ ಆರನೆಯ ಪೌಲರು ಇತರ ಸಸ್ಯಜನ್ಯ ಎಣ್ಣೆಗಳಿಗೂ ಅನುಮತಿಯಿತ್ತರು. ಗುರುಗಳು ಇದನ್ನು ರೋಗಿಯ ಹಣೆಗೂ ಅಂಗೈಗಳಿಗೂ ಲೇಪಿಸಿ ಪ್ರಾರ್ಥಿಸುವ ವಿಧಿಯೇ ಅಭ್ಯಂಗ ಸಂಸ್ಕಾರ. ಇದರ ಆಧಾರವು ಬೈಬಲಿನ ಯಾಕೋಬನ ಪತ್ರದ ಐದನೆಯ ಅಧ್ಯಾಯದಲ್ಲಿದೆ.

ದೀಪಾವಳಿಯ ಎಣ್ಣೆಸ್ನಾನಕ್ಕೂ ಕನ್ನಡದಲ್ಲಿ ಅಭ್ಯಂಗವೆಂದೇ ಹೆಸರಿರುವುದರಿಂದ, ಮಗುವಿನ ನೆತ್ತಿಗೆ ಎಣ್ಣೆಯೊತ್ತುವ ತಾಯಿಯ ಕೈಯ ನೆನಪು ಈ ಪದದೊಳಗೆ ಸಹಜವಾಗಿಯೇ ಸೇರಿಕೊಳ್ಳುತ್ತದೆ, ಮತ್ತು ಈ ಸಂಸ್ಕಾರದ ಸೊಗಸಿರುವುದೂ ಆ ಸ್ಪರ್ಶದಲ್ಲಿಯೇ. ಹಿಂದೆ ಇದನ್ನು ಸಾವಿನಂಚಿನ ವಿಧಿಯೆಂದು ಭಾವಿಸಿ ಮನೆಯವರು ಅಂಜುತ್ತಿದ್ದರು. ಎರಡನೆಯ ವ್ಯಾಟಿಕನ್ ಮಹಾಸಭೆ ಅದನ್ನು ರೋಗಿಗಳ ಬಲವರ್ಧನೆಯ ವಿಧಿಯಾಗಿ ಮರಳಿ ಗುರುತಿಸಿದ್ದು ನಿಜಕ್ಕೂ ದೊಡ್ಡ ಉಪಕಾರ. ತಿಳಿವಳಿಕೆ ಮೂಡಿದ ಮಗುವಿಗೆ ಅಭ್ಯಂಗವಾಗುತ್ತದೆ; ತೀರಾ ಎಳೆಯ ಕೂಸಿಗೆ ಗುರುಗಳು ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸುತ್ತಾರೆ.

1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಮೈಸೂರಿನ ಸಂತ ಫಿಲೋಮಿನಾ ದೇವಾಲಯದ 175 ಅಡಿಯ ಜೋಡಿ ಗೋಪುರಗಳು ಊರಿಗೆಲ್ಲ ಕಾಣುತ್ತವೆ. ಈ ಎಣ್ಣೆಯಾದರೋ ಬೆರಳ ತುದಿಯಷ್ಟೇ ಸಾಕು. ಶಸ್ತ್ರಚಿಕಿತ್ಸೆಯ ದಿನ ಗೊತ್ತಾದೊಡನೆ ಹೆತ್ತವರು ತಮ್ಮ ಗುರುಗಳಿಗೆ ತಿಳಿಸಲಿ. ಅವರು ಮನೆಗೂ ಬರುತ್ತಾರೆ, ಆಸ್ಪತ್ರೆಯ ಹಾಸಿಗೆಯ ಬಳಿಗೂ ಬರುತ್ತಾರೆ.