ಕತ್ತಿ ಇಳಿಸುವ ಗುಂಡಿ

ಕಳೆದ ವರ್ಷ ಒಂದು ಕಥಾ ಕಮ್ಮಟದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಹಿರಿಯ ಲೇಖಕರೊಬ್ಬರು, ಈಚೆಗೆ ಏನು ಓದುತ್ತಿದ್ದೀರಿ ಎಂದು ನಮ್ಮನ್ನು ವಿಚಾರಿಸಿದರು. ಓದು ಕಡಿಮೆಯಾಗಿದೆ ಸಾರ್, ರಾತ್ರಿ ಹೊತ್ತು ಮಗನ ಕಂಪ್ಯೂಟರಿನಲ್ಲಿ ಆಟ ಆಡುತ್ತಿದ್ದೇವೆ ಎಂದೆವು. ಅವರು ತಮಾಷೆಯೆಂದು ತಿಳಿದು ನಕ್ಕರು. ತಮಾಷೆಯಲ್ಲವೆಂದು ಗೊತ್ತಾದ ಮೇಲೆ ತಟ್ಟೆ ಹಿಡಿದುಕೊಂಡು ಬೇರೆ ಕಡೆ ಹೋದರು. ನಲವತ್ತು ದಾಟಿದ, ಎರಡು ಕಥಾಸಂಕಲನ ತಂದಿರುವ ಮನುಷ್ಯ ವೀಡಿಯೊ ಗೇಮ್ ಆಡುತ್ತಾನೆಂದರೆ ಅವನ ಬರವಣಿಗೆ ಮುಗಿಯಿತೆಂದೇ ಅವರು ಭಾವಿಸಿರಬೇಕು.

ಅವರನ್ನು ದೂರಿ ಪ್ರಯೋಜನವಿಲ್ಲ. ವೀಡಿಯೊ ಗೇಮುಗಳ ಬಗ್ಗೆ ನಮ್ಮಲ್ಲಿ ನಡೆಯುವ ಚರ್ಚೆ ಒಂದೇ: ಮಕ್ಕಳು ಹಾಳಾಗುತ್ತಾರೋ ಇಲ್ಲವೋ. ಮೇಷ್ಟ್ರುಗಳೂ ಮೌಲ್ವಿಗಳೂ ಒಮ್ಮತಕ್ಕೆ ಬರುವ ಅಪರೂಪದ ವಿಷಯ ಇದು. ಕಣ್ಣು ಕೆಡುವುದು, ನಿದ್ದೆ ಕೆಡುವುದು, ದುಡ್ಡು ಹೋಗುವುದು ಎಲ್ಲ ನಿಜವೇ. ತಂದೆಯಾಗಿ ನಾವೂ ಆ ಚಿಂತೆಗೆ ಹೊರತಲ್ಲ. ಆದರೆ ಈ ಆಟಗಳಲ್ಲಿ ಒಂದು ವರ್ಗ ಕಥೆ ಹೇಳುತ್ತದೆ. ಸಾಹಸದ ಆಟಗಳು, ಒಂದು ಪಾತ್ರವನ್ನು ಹೊತ್ತುಕೊಂಡು ಆಡುವ ಆಟಗಳು. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ತಮ್ಮ ಮೊದಲ ದೊಡ್ಡ ಕಥೆಯನ್ನು ಕಾಣುತ್ತಿರುವುದು ಅಲ್ಲಿಯೇ. ಹಾಗಿದ್ದಮೇಲೆ ಕಾದಂಬರಿಗೆ, ಸಿನಿಮಾಕ್ಕೆ ಕೇಳುವ ಪ್ರಶ್ನೆಗಳನ್ನು ಅವಕ್ಕೂ ಯಾಕೆ ಕೇಳಬಾರದು? ಈ ಕಥೆ ನಮ್ಮನ್ನು ಯಾರನ್ನಾಗಿ ಮಾಡುತ್ತದೆ? ಎದುರಿಗೆ ನಿಂತವನನ್ನು ಏನೆಂದು ತೋರಿಸುತ್ತದೆ?

ಈ ಆಟಗಳು ನಮಗೆ ತೀರಾ ಹೊಸತೆನ್ನಿಸದಿರಲು ಕಾರಣ ನಮ್ಮ ನಾನಿ. ಕರೆಂಟು ಹೋದ ರಾತ್ರಿಗಳಲ್ಲಿ ಅವರು ದಖ್ಖನಿಯಲ್ಲಿ ಅಮೀರ್ ಹಂಝಾರ ದಾಸ್ತಾನಿನ ತುಣುಕುಗಳನ್ನು ಹೇಳುತ್ತಿದ್ದರು. ನಮಗೆ ಪ್ರಿಯನಾದವನು ಹಂಝಾರ ಗೆಳೆಯ ಅಮರ್ ಅಯ್ಯಾರ್. ಅವನ ಹೆಗಲಲ್ಲಿ ಒಂದು ಝಂಬೀಲ್, ಅಂದರೆ ಜೋಳಿಗೆ. ಅದಕ್ಕೆ ಏನು ಹಾಕಿದರೂ ತುಂಬದು. ಮುಂದೆ ಉರ್ದು ಶಾಲೆಯ ಬೀರುವಿನಲ್ಲಿ ಮಕ್ಕಳಿಗಾಗಿ ಸಂಕ್ಷೇಪಿಸಿದ ತಿಲಿಸ್ಮ್-ಎ-ಹೋಶ್‌ರುಬಾ ಸಿಕ್ಕಿತು. ಲಖನೌದ ನವಲ್ ಕಿಶೋರ್ ಮುದ್ರಣಾಲಯ 1883ರಿಂದ ತರುತ್ತಾ ಹೋಗಿ 46 ಸಂಪುಟಗಳಿಗೆ ಮುಟ್ಟಿಸಿದ ಹಂಝಾ ದಾಸ್ತಾನಿನಲ್ಲಿ ಅತ್ಯಂತ ಜನಪ್ರಿಯವಾದ ಭಾಗ ಅದು. ತಿಲಿಸ್ಮ್ ಎಂದರೆ ಮಾಂತ್ರಿಕರು ಕಟ್ಟಿದ ಮಾಯಾಲೋಕ. ಅದಕ್ಕೆ ಅದರದೇ ನಿಯಮಗಳು. ಒಳಹೊಕ್ಕವನು ಸಿಕ್ಕಿಬೀಳುತ್ತಾನೆ. ಅದನ್ನು ಒಡೆಯುವುದು ಒಬ್ಬನ ಹಣೆಯಲ್ಲಿ ಮಾತ್ರ ಬರೆದಿರುತ್ತದೆ. ಎಲ್ಲಿ ಏನು ಮಾಡಬೇಕೆಂಬುದನ್ನು ಲೌಹ್ ಎಂಬ ಫಲಕ ಅವನಿಗೆ ತಿಳಿಸುತ್ತದೆ.

ಎಷ್ಟೋ ವರ್ಷಗಳ ನಂತರ ಮಗನ ಪಕ್ಕ ಕುಳಿತಾಗ ಇವೆಲ್ಲ ಮತ್ತೆ ಕಣ್ಣಿಗೆ ಬಿದ್ದವು. ಹತ್ತಾರು ಕತ್ತಿ, ನೂರಾರು ಮದ್ದಿನ ಸೀಸೆ ಹಿಡಿಸುವ ಚೀಲ, ಅದೇ ಝಂಬೀಲ್. ಮುಂದಿನ ಗುರಿ ಏನೆಂದು ಪರದೆಯ ಮೂಲೆಯಲ್ಲಿ ಮೂಡುವ ಅಕ್ಷರ, ಅದೇ ಲೌಹ್. ವ್ಯತ್ಯಾಸ ಒಂದೇ. ದಾಸ್ತಾನು ಕೇಳುವವನು ಹೂಂಗುಟ್ಟುತ್ತಾ ನಿದ್ದೆ ಹೋಗಬಹುದು, ಹಂಝಾರ ಕೈಯಲ್ಲಿ ಸತ್ತವರ ಲೆಕ್ಕ ಅವನ ತಲೆಗೆ ಬರುವುದಿಲ್ಲ. ಆಟದಲ್ಲಿ ಗುಂಡಿ ಒತ್ತಿದ ಹೊರತು ಕತ್ತಿ ಏಳುವುದಿಲ್ಲ. ಒತ್ತಿದ್ದು ನಮ್ಮದೇ ಕೈ.

ನಮ್ಮ ಕೈ ಮೊದಲು ಒತ್ತಿದ್ದು 1996ರಲ್ಲಿ. ಪಿಯುಸಿ ಮುಗಿಸಿ ಊರಿನ ಒಂದು ಕಂಪ್ಯೂಟರ್ ಕ್ಲಾಸಿಗೆ ಸೇರಿದ್ದೆವು. ಒಂದು ಮಿಷನ್ನಿಗೆ ಇಬ್ಬರು, ದಿನಕ್ಕೆ ಒಂದೇ ಗಂಟೆ. ನಮ್ಮ ಜೊತೆಗೆ ಕೂರುತ್ತಿದ್ದವನು ಹೈಸ್ಕೂಲಿನಿಂದಲೂ ಗೆಳೆಯನಾಗಿದ್ದ ಲಿಂಗಾಯತರ ಹುಡುಗ. ಸಾರ್ ಟೀ ಕುಡಿಯಲು ಹೋದರೆಂದರೆ ಅವನು ಫ್ಲಾಪಿ ತೂರಿಸುತ್ತಿದ್ದ. ಆಟ 'ಪ್ರಿನ್ಸ್ ಆಫ್ ಪರ್ಶಿಯಾ'. ಕತ್ತಲಕೋಣೆಗೆ ಬಿದ್ದ ತರುಣನೊಬ್ಬ ರಾಜಕುಮಾರಿಯನ್ನು ಬಿಡಿಸಬೇಕು, ಅದೂ ಅರವತ್ತು ನಿಮಿಷದೊಳಗೆ. ನಮಗಿದ್ದದ್ದೂ ಅಷ್ಟೇ ಸಮಯ. ಕೀಬೋರ್ಡನ್ನು ಪಾಲು ಮಾಡಿಕೊಂಡಿದ್ದೆವು: ಬಾಣದ ಗುರುತಿನ ಗುಂಡಿಗಳು ಅವನವು, ಶಿಫ್ಟ್ ಗುಂಡಿ ನಮ್ಮದು. ಓಡುವುದು, ಹಾರುವುದು, ಏಟು ತಡೆಯುವುದು ಅವನ ಕೆಲಸ. ಕತ್ತಿ ಬೀಸುವುದು ನಮ್ಮ ಕೆಲಸ.

ಆ ಆಟವನ್ನು ಅಮೆರಿಕದ ಜೋರ್ಡನ್ ಮೆಕ್ನರ್ ಎಂಬ ತರುಣ ಬಹುಮಟ್ಟಿಗೆ ಒಬ್ಬನೇ ಕುಳಿತು ಮಾಡಿ 1989ರಲ್ಲಿ ಹೊರತಂದ. ತನ್ನ ತಮ್ಮನನ್ನು ಓಡಿಸಿ, ಜಿಗಿಸಿ, ಅದನ್ನು ವೀಡಿಯೊ ಹಿಡಿದು, ಒಂದೊಂದೇ ಚೌಕಟ್ಟನ್ನು ತಿದ್ದಿ ರಾಜಕುಮಾರನ ನಡಿಗೆಯನ್ನು ಮೂಡಿಸಿದ. ಅಂಚಿಗೆ ಬಂದಾಗ ಆ ಬೊಂಬೆ ಮುಗ್ಗರಿಸುವ ರೀತಿಯಲ್ಲಿ ಒಂದು ನಿಜವಾದ ಮೈಯ ಭಾರವಿತ್ತು.

ಪರ್ಶಿಯಾ ಮಾತ್ರ ನಿಜವಾದದ್ದಲ್ಲ. ಕೆಟ್ಟ ವಜೀರನ ಹೆಸರು ಜಾಫರ್. ಚರಿತ್ರೆಯ ಜಾಫರ್ ಬರ್ಮಕಿ ಖಲೀಫ ಹಾರೂನ್ ರಶೀದರ ಆಪ್ತ, 803ರಲ್ಲಿ ಅದೇ ಖಲೀಫರ ಆಜ್ಞೆಯಿಂದ ತಲೆ ಕಳೆದುಕೊಂಡವರು. ಸಾವಿರದ ಒಂದು ರಾತ್ರಿಗಳಲ್ಲಿ ಅವರು ವೇಷ ಮರೆಸಿಕೊಂಡು ಬಗ್ದಾದಿನ ಬೀದಿ ಸುತ್ತುವ ಖಲೀಫರ ಜೊತೆಗಾರ. 1940ರ 'ದಿ ಥೀಫ್ ಆಫ್ ಬಗ್ದಾದ್' ಚಿತ್ರದಲ್ಲಿ ಆ ಹೆಸರು ಖಳನಾಯಕನದಾಯಿತು. ಈ ಆಟದಲ್ಲೂ, 1992ರ ಡಿಸ್ನಿಯ 'ಅಲ್ಲಾದ್ದೀನ್'ನಲ್ಲೂ ಹಾಗೆಯೇ ಉಳಿಯಿತು. ಹದಿನೆಂಟರ ವಯಸ್ಸಿನಲ್ಲಿ ನಮಗಿದು ಗೊತ್ತಿರಲಿಲ್ಲ. ಜಾಫರ್ ಎಂಬ ನಮ್ಮ ಚಿಕ್ಕಪ್ಪನ ಹೆಸರನ್ನು ಗೆಳೆಯ ವಜೀರನಿಗೆ ಹೊಂದಿಸಿ ನಗುತ್ತಿದ್ದ, ನಾವೂ ನಗುತ್ತಿದ್ದೆವು.

ಆದರೆ ಆ ಆಟದೊಳಗೆ ಒಂದು ದೊಡ್ಡ ಕಥೆ ಅಡಗಿತ್ತು. ದಾರಿಯಲ್ಲಿ ಒಂದು ಕನ್ನಡಿ ಅಡ್ಡ ನಿಲ್ಲುತ್ತದೆ. ಓಡಿಬಂದು ಅದರೊಳಗೇ ಹಾರಬೇಕು. ಹಾರಿದಾಗ ಆ ಕಡೆಯಿಂದ ನಮ್ಮದೇ ನೆರಳು ಹೊರಬಂದು ಓಡಿಹೋಗುತ್ತದೆ. ಮುಂದೆ ಅದು ನಮ್ಮ ಮದ್ದು ಕುಡಿಯುತ್ತದೆ, ನಮ್ಮ ಬಾಗಿಲು ಮುಚ್ಚುತ್ತದೆ. ಕೊನೆಗೆ ಕತ್ತಿ ಹಿಡಿದು ಎದುರು ನಿಲ್ಲುತ್ತದೆ. ನಾವು ಶಿಫ್ಟ್ ಒತ್ತಿ ಬೀಸಿದೆವು. ಏಟು ಬಿದ್ದದ್ದು ನೆರಳಿಗೆ, ಜೀವ ಇಳಿದದ್ದು ನಮಗೆ. ಮತ್ತೆ ಬೀಸಿದೆವು, ಸತ್ತೆವು. ಎಷ್ಟೋ ದಿನ ಹೀಗೇ ನಡೆಯಿತು. ಒಂದು ದಿನ ಗೆಳೆಯ, "ನೀನು ಸುಮ್ನಿರೋ, ಒತ್ತಬೇಡ" ಎಂದು ನಮ್ಮ ಕೈ ಸರಿಸಿ ಕೆಳಗಿನ ಬಾಣ ಒತ್ತಿದ. ರಾಜಕುಮಾರ ಕತ್ತಿಯನ್ನು ಒರೆಗೆ ಇಳಿಸಿದ. ನೆರಳೂ ಇಳಿಸಿತು. ಇಬ್ಬರೂ ಒಬ್ಬರತ್ತ ಒಬ್ಬರು ನಡೆದು ಒಂದಾದರು.

ಆ ನೆರಳು ಹುಟ್ಟಿದ ಬಗೆಯನ್ನು ಮೆಕ್ನರ್ ಆಮೇಲೆ ಹೇಳಿಕೊಂಡಿದ್ದಾನೆ. ಆ ಕಾಲದ ಆಪಲ್ ಕಂಪ್ಯೂಟರಿನಲ್ಲಿ ಇನ್ನೊಂದು ಪಾತ್ರಕ್ಕೆ ಸಾಕಾಗುವಷ್ಟು ಜಾಗ ಉಳಿದಿರಲಿಲ್ಲ. ರಾಜಕುಮಾರನ ಚಿತ್ರವನ್ನೇ ಚೂರು ಜರುಗಿಸಿ ಅದರ ಮೇಲೆಯೇ ಕೂರಿಸಿದಾಗ ಮಿನುಗುವ ನೆರಳೊಂದು ಬಂತು. ಬಡತನದಿಂದ ಹುಟ್ಟಿದ ಉಪಾಯ. ನಫ್ಸ್‌ನ ಬಗ್ಗೆ, ಒಳಗಿನ ಶತ್ರುವಿನ ಬಗ್ಗೆ ನಮ್ಮ ಸೂಫಿಗಳು ಹೇಳಿದ್ದನ್ನು ಅದು ಬೆರಳ ತುದಿಗೆ ಮುಟ್ಟಿಸಿತು.

ಮುಂದೆ 2003ರಲ್ಲಿ ಇದೇ ಹೆಸರಿನಲ್ಲಿ 'ದಿ ಸ್ಯಾಂಡ್ಸ್ ಆಫ್ ಟೈಮ್' ಬಂತು. ಅದು ಶುರುವಾಗುವುದು ಹಿಂದುಸ್ತಾನದ ಮಹಾರಾಜನೊಬ್ಬನ ಅರಮನೆಯ ಲೂಟಿಯಿಂದ, ಲೂಟಿ ಮಾಡುವವನು ನಾಯಕನೇ. ಅಲ್ಲಿ ಅವನಿಗೆ ಕಾಲವನ್ನು ಹಿಂದಕ್ಕೆ ತಿರುಗಿಸುವ ಕಠಾರಿ ಸಿಗುತ್ತದೆ. ಇಡೀ ಆಟವನ್ನು ಶಹರಜಾದಳ ಹಾಗೆ ಅವನೇ ಕಥೆಯಾಗಿ ಹೇಳುತ್ತಿರುತ್ತಾನೆ. ನಾವು ಬಿದ್ದು ಸತ್ತರೆ, ಅಲ್ಲ, ಹಾಗಾಗಲಿಲ್ಲ ಎಂದು ತಿದ್ದಿಕೊಳ್ಳುತ್ತಾನೆ. ಕೊನೆಯಲ್ಲಿ ಎಲ್ಲ ತಪ್ಪೂ ಅಳಿಸುತ್ತದೆ. ಅದರ ಜೊತೆಗೆ ಮಹಾರಾಜನ ಮಗಳು ಫರಾಹ್‌ಳ ನೆನಪೂ ಅಳಿಸುತ್ತದೆ. ಜೊತೆಗೆ ಹೋರಾಡಿದವಳಿಗೆ ಇವನು ಅಪರಿಚಿತ. ತಪ್ಪನ್ನು ಇಲ್ಲವಾಗಿಸಿದರೆ ಆ ತಪ್ಪಿನ ದಾರಿಯಲ್ಲಿ ದೊರೆತ ಗೆಳೆತನವೂ ಇಲ್ಲವಾಗುತ್ತದೆ ಎಂಬ ಈ ಮಾತನ್ನು ನಾವು ಯಾವ ಸಣ್ಣಕಥೆಯಲ್ಲೂ ಇಷ್ಟು ಚೆನ್ನಾಗಿ ಹೇಳಿಲ್ಲ.

ಇಷ್ಟೆಲ್ಲ ಹೊಗಳಿದ ಮೇಲೆ ಜಗಳಕ್ಕೂ ಬರಬೇಕು. ಒಮ್ಮೆ ಮಗ ಬಂದೂಕಿನ ಆಟವೊಂದನ್ನು ಆಡುತ್ತಿದ್ದ. ಧೂಳಿನ ಬೀದಿ, ಮಿನಾರು, ಅರಬ್ಬಿಯಲ್ಲಿ ಕೂಗುತ್ತಾ ಓಡಿಬಂದು ಬೀಳುವ ಗಂಡಸರು. ನಾವು ಬಾಗಿಲಲ್ಲೇ ನಿಂತೆವು. "ಅವರು ವಿಲನ್‌ಗಳು ಅಬ್ಬಾ, ಅಷ್ಟೇ" ಎಂದ. ಅವನಿಗೆ ಏನೂ ಅನ್ನಿಸಿರಲಿಲ್ಲ. ನಮ್ಮನ್ನು ಕಾಡಿದ್ದು ಅದೇ.

ಅದಕ್ಕೆ ಹೋಲಿಸಿದರೆ 'ಅಸ್ಯಾಸಿನ್ಸ್ ಕ್ರೀಡ್' ಮರ್ಯಾದೆಯುಳ್ಳ ಆಟ. 2007ರ ಮೊದಲ ಆಟ ಮೂರನೆಯ ಧರ್ಮಯುದ್ಧದ 1191ನೇ ಇಸವಿಯ ಜೆರುಸಲೇಂ, ಡಮಾಸ್ಕಸ್, ಅಕ್ಕಾ ನಗರಗಳಲ್ಲಿ ನಡೆಯುತ್ತದೆ. ನಾಯಕ ಅಲ್ತಾಯಿರ್. ಹಲವು ಧರ್ಮ, ನಂಬಿಕೆಗಳ ಜನ ಸೇರಿ ಇದನ್ನು ಮಾಡಿದ್ದಾರೆಂಬ ಒಕ್ಕಣೆಯೊಂದಿಗೆ ಆಟ ತೆರೆದುಕೊಳ್ಳುತ್ತದೆ. ಕೆಟ್ಟವರು ಎರಡೂ ಕಡೆ ಇದ್ದಾರೆ. ಅದೇ ಸರಣಿಯ 2023ರ 'ಮಿರಾಜ್' 861ರ ಸುಮಾರಿನ ಬಗ್ದಾದನ್ನು ಕಟ್ಟಿ ನಿಲ್ಲಿಸಿತು. ಬಯಸಿದರೆ ಪೂರ್ತಿ ಅರಬ್ಬಿ ಮಾತಿನಲ್ಲೇ ಆಡಬಹುದು. 1258ರಲ್ಲಿ ಮಂಗೋಲರು ಹಾಳುಗೆಡವಿದ ನಗರ, ನಮ್ಮ ಕಾಲದಲ್ಲಿ 2003ರಲ್ಲಿ ಬಾಂಬು ಬಿದ್ದ ನಗರ. ಅದರ ಮಾಳಿಗೆಯೊಂದರ ಮೇಲೆ ಸಂಜೆ ಹೊತ್ತು ಸುಮ್ಮನೆ ನಿಂತಾಗ ನಮ್ಮ ಕಣ್ಣು ಒದ್ದೆಯಾದದ್ದು ನಿಜ.

ಆದರೆ ನಾಲ್ಕಾರು ರಾತ್ರಿ ಕಳೆದ ಮೇಲೆ ಒಂದು ಕಸಿವಿಸಿ ಶುರುವಾಯಿತು. ಈ ನಗರದಲ್ಲಿ ನಮ್ಮ ಕೈ ಮುಖ್ಯವಾಗಿ ಕಲಿತದ್ದೇನು? ಗೋಡೆ ಹತ್ತುವುದು, ಅವಿತುಕೊಳ್ಳುವುದು, ಜೇಬಿಗೆ ಕೈ ಹಾಕುವುದು, ಹಿಂದಿನಿಂದ ಇರಿಯುವುದು. ಬೈತುಲ್ ಹಿಕ್ಮಾ ಇದೆ. ಊರಲ್ಲಿ ಚದುರಿಹೋದ ಕಿತಾಬುಗಳನ್ನು ಹುಡುಕಿ ಅಲ್ಲಿಗೆ ತಂದುಕೊಡುವ ಕೆಲಸವೂ ಇದೆ. ಆದರೆ ಆ ಕಿತಾಬು ಎಣಿಕೆಗೆ ಸೇರುವ ಒಂದು ಸಾಮಾನು. ಸಂತೆಯ ತುಂಬ ಕುಂಬಾರರು, ರಂಗಿನವರು, ಹೆಂಗಸರು, ಮಕ್ಕಳು. ಕಥೆಗೆ ಬೇಕಾದ ಕೆಲವರನ್ನು ಬಿಟ್ಟರೆ ಯಾರೊಡನೆಯೂ ಎರಡು ಮಾತು ಸಾಧ್ಯವಿಲ್ಲ. ಬಂದೂಕಿನ ಆಟದಲ್ಲಿ ನಾವು ಗುರಿಯಾಗಿದ್ದೆವು, ಇಲ್ಲಿ ಸುಂದರವಾದ ಹಿನ್ನೆಲೆಯಾಗಿದ್ದೇವೆ. ಸುಧಾರಣೆ ಹೌದು. ಮನುಷ್ಯರಾಗುವುದು ಇನ್ನೂ ಬಾಕಿಯಿದೆ.

ಎದುರಿಗಿರುವವನು ಮನುಷ್ಯನಾಗಲು ಕೋಟಿಗಟ್ಟಲೆ ಖರ್ಚಿನ ಬಗ್ದಾದ್ ಬೇಕಿಲ್ಲವೆಂಬುದಕ್ಕೆ 2015ರ 'ಅಂಡರ್‌ಟೇಲ್' ಸಾಕ್ಷಿ. ಟೋಬಿ ಫಾಕ್ಸ್ ಎಂಬಾತ ಬಹುಪಾಲು ಒಬ್ಬನೇ ಮಾಡಿದ ಆಟ. ಚಿತ್ರಗಳು ನಮ್ಮ ಹಳೆಯ ಫ್ಲಾಪಿ ಕಾಲದವು. ಮಗುವೊಂದು ರಾಕ್ಷಸರ ಪಾತಾಳಕ್ಕೆ ಬೀಳುತ್ತದೆ. ಟೊರಿಯಲ್ ಎಂಬ ಮೇಕೆಮುಖದ ತಾಯಿ ಅದನ್ನು ಕೈಹಿಡಿದು ಮನೆಗೆ ಕರೆದೊಯ್ದು ಸಿಹಿ ಕಡುಬಿನಂಥದೊಂದನ್ನು ಬೇಯಿಸಿಕೊಡುತ್ತಾಳೆ. ಹೊರಗೆ ಹೋದರೆ ಸಾಯುತ್ತೀಯ ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಈ ಆಟದಲ್ಲಿ ಯಾರನ್ನೂ ಕೊಲ್ಲದೆ ಬಿಟ್ಟುಬಿಡಬಹುದು. ನಾವು ಎರಡು ಮೂರು ಸಲ 'ಬಿಡು' ಒತ್ತಿದೆವು. ಅವಳು ಸರಿಯಲಿಲ್ಲ. ಆಟಗಳ ಅಭ್ಯಾಸಬಲ, ಸ್ವಲ್ಪ ಹೊಡೆದರೆ ದಾರಿ ಬಿಟ್ಟಾಳು ಎಂದುಕೊಂಡು ಹೊಡೆದೆವು. ಅವಳು ಸತ್ತಳು.

ಪಕ್ಕದಲ್ಲಿದ್ದ ಮಗ, "ಹಿಂದಿನ ಸೇವ್‌ಗೆ ಹೋಗಿ ಅಬ್ಬಾ, ಇನ್ನೂ ಜಾಸ್ತಿ ಸಲ ಬಿಡು ಅನ್ನಬೇಕು" ಎಂದ. ಹೋದೆವು. ತಾಳ್ಮೆಯಿಂದ ಬಿಡು, ಬಿಡು ಎಂದೆವು. ಅವಳು ಸೋತು, ಅಪ್ಪಿಕೊಂಡು, ದಾರಿ ಬಿಟ್ಟಳು. ಸಮಾಧಾನದಿಂದ ಮುಂದೆ ಬಂದರೆ ಅಲ್ಲೊಂದು ಹೂವು ಕಾಯುತ್ತಿತ್ತು. ನೀನು ಅವಳನ್ನು ಕೊಂದಿದ್ದೆ, ಆಮೇಲೆ ಪಶ್ಚಾತ್ತಾಪ ಪಟ್ಟು ಹಿಂದಕ್ಕೆ ಹೋದೆ, ನನಗೆ ಗೊತ್ತು ಎಂಬರ್ಥದ ಮಾತಾಡಿ ನಕ್ಕಿತು. ಟೊರಿಯಲ್‌ಗೆ ನೆನಪಿಲ್ಲ, ಆಟಕ್ಕೆ ನೆನಪಿದೆ. ನಮ್ಮ ಹೆಗಲ ಮೇಲೆ ಕುಳಿತು ಬರೆದುಕೊಳ್ಳುವ ಇಬ್ಬರ ಬಗ್ಗೆ ಮದರಸಾದಲ್ಲಿ ಕಲಿತದ್ದು ಆ ಹೊತ್ತಿಗೆ ನೆನಪಾಗಿ ಮೈ ಜುಮ್ಮೆಂದಿತು.

ಆ ರಾತ್ರಿ ನಿದ್ದೆ ಬಾರದೆ ಇದ್ದುದಕ್ಕೆ ಇನ್ನೊಂದು ಕಾರಣವಿತ್ತು. ಶಿಫ್ಟ್ ಗುಂಡಿಯ ದಿನಗಳು ಕಳೆದು ಕೆಲವು ವರ್ಷಗಳಾಗಿದ್ದವು. ಪೇಪರಿನ ಒಂದು ಸುದ್ದಿಯ ಬಗ್ಗೆ ಮಾತು ಬಂದು ಗೆಳೆಯ ನಮ್ಮವರ ಕುರಿತು ಒಂದು ಮಾತು ಆಡಿದ. ಹಗುರಾಗಿ ಆಡಿದ್ದ, ಇನ್ನೊಂದು ಗಳಿಗೆ ಬಿಟ್ಟಿದ್ದರೆ ತಾನೇ ತಿದ್ದಿಕೊಳ್ಳುತ್ತಿದ್ದನೇನೋ. ನಾವು ಬಿಡಲಿಲ್ಲ. ಅವನ ಮನೆ, ಅವನ ಮಠ, ಅವನ ತಾಯಿ ನಮಗೆ ಬಡಿಸಿದ ಊಟ ಎಲ್ಲವನ್ನೂ ಎಳೆದು ತಂದು ಬೀಸಿದೆವು. ಕತ್ತಿ ಇಳಿಸುವ ಗುಂಡಿ ಅವನ ಕೈಯಲ್ಲೇ ಇರಬೇಕೆಂದು ಯಾರು ಬರೆದಿಟ್ಟಿದ್ದರು? ಆರು ವರ್ಷ ಮಾತಿರಲಿಲ್ಲ. ಈಗ ಈದ್‌ಗೆ ಅವನಿಂದ, ದೀಪಾವಳಿಗೆ ನಮ್ಮಿಂದ ಫೋನು ಹೋಗುತ್ತದೆ. ಮಕ್ಕಳ ಓದು, ಮಳೆ, ರೇಟು ಮಾತಾಡುತ್ತೇವೆ. ಆ ದಿನದ ಮಾತನ್ನು ಇಬ್ಬರೂ ಎತ್ತುವುದಿಲ್ಲ.

ಕಥೆಗಾರನಾಗಿ ನಾವು ಈ ವಿಷಯವನ್ನು ಬರೆಯಲು ಮೂರು ಸಲ ಕುಳಿತಿದ್ದೆವು. ಮೂರು ಸಲವೂ ಕಥೆಯಲ್ಲಿ ತಪ್ಪು ಅವನದಾಗುತ್ತಿತ್ತು. ಬರೆಯುವವನಿಗೆ ಆ ಸೌಕರ್ಯವಿದೆ. ಓದುಗನಿಗಂತೂ ಇದ್ದೇ ಇದೆ, ಅವನು ಒಳ್ಳೆಯವರ ಪಕ್ಕ ಕುಳಿತು ಓದುತ್ತಾನೆ. ಒಳ್ಳೆಯ ಆಟ ಆ ಸೌಕರ್ಯವನ್ನು ಕಿತ್ತುಕೊಳ್ಳುತ್ತದೆ. ಹೊಡೆದವನು ನೀನೇ ಎಂದು ತೋರಿಸುತ್ತದೆ, ಹೊಡೆಯದಿರುವ ಗುಂಡಿಯೂ ನಿನ್ನ ಕೈಯಳತೆಯಲ್ಲೇ ಇತ್ತು ಎಂದು ಹೇಳುತ್ತದೆ. ಕೆಟ್ಟ ಆಟ ಆ ಗುಂಡಿಯನ್ನೇ ಇಟ್ಟಿರುವುದಿಲ್ಲ. ಈ ಆಟಗಳನ್ನು ಅಳೆಯಲು ನಮಗೆ ತೋಚುವ ಕೋಲು ಇದೇ. ಮಕ್ಕಳ ಕೈಯಿಂದ ಅದನ್ನು ಕಿತ್ತುಕೊಳ್ಳುವ ಮೊದಲು ಪಾಲಕರು ಒಮ್ಮೆ ಪಕ್ಕದಲ್ಲಿ ಕುಳಿತು, ಇದರಲ್ಲಿ ಕತ್ತಿ ಇಳಿಸುವುದು ಹೇಗೆ ಎಂದು ಕೇಳಲಿ. ಮಗು ತೋರಿಸಿದರೆ ಆಡಲಿ. ಇಲ್ಲ ಎಂದರೆ, ಯಾಕಿಲ್ಲ ಎಂದು ಇಬ್ಬರೂ ಕೂತು ಮಾತಾಡಲಿ.

ಮೊನ್ನೆ ಮಗ ಆ ಹಳೆಯ 'ಪ್ರಿನ್ಸ್ ಆಫ್ ಪರ್ಶಿಯಾ'ವನ್ನು ಎಲ್ಲಿಂದಲೋ ಹುಡುಕಿ ಹಾಕಿಕೊಟ್ಟ. ನೆರಳಿನ ಮುಂದೆ ಬಂದಾಗ ನಮ್ಮ ಬೆರಳು ತಾನಾಗಿ ಶಿಫ್ಟ್ ಮೇಲೆಯೇ ಹೋಯಿತು. ಈಗ ಬಾಣದ ಗುಂಡಿಗಳೂ ನಮ್ಮವೇ ಎಂದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ದೀಪಾವಳಿ ಇನ್ನೂ ದೂರವಿದೆ. ಅಷ್ಟರೊಳಗೇ ಒಂದು ಫೋನು ಮಾಡಬೇಕೆಂದಿದ್ದೇವೆ, ಆ ದಿನದ ಮಾತನ್ನು ನಾವೇ ಎತ್ತಬೇಕೆಂದಿದ್ದೇವೆ.