ಲಕ್ಷದ ಮನೆ, ಹನ್ನೊಂದು ತಿಂಗಳ ಕರಾರು

ಬೆಂಗಳೂರಿನ ವೈಟ್‌ಫೀಲ್ಡ್, ಬೆಳ್ಳಂದೂರು ಕಡೆ ದುಬಾರಿ ಅಪಾರ್ಟ್‌ಮೆಂಟ್ ನೋಡಲು ಹೋದರೆ ಬ್ರೋಕರ್ ಮೊದಲು ಈಜುಕೊಳ, ಜಿಮ್, ಕ್ಲಬ್‌ಹೌಸ್ ತೋರಿಸುತ್ತಾನೆ. ಬಾಡಿಗೆ ಕರಾರು ಕೈಗೆ ಬರುವುದು ಕಟ್ಟಕಡೆಗೆ, ಸಹಿ ಹಾಕುವ ಹೊತ್ತಿಗೆ. ಮನೆಯ ಗೋಡೆ, ನೆಲದ ಬಗ್ಗೆ ನನ್ನ ತಕರಾರಿಲ್ಲ. ಅವು ಚೆನ್ನಾಗಿಯೇ ಇರುತ್ತವೆ. ವಿಮರ್ಶೆ ಬೇಕಿರುವುದು ಆ ಕಾಗದಕ್ಕೆ.

ಅವಧಿ 11 ತಿಂಗಳು. ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕು. ಆ ತಾಪತ್ರಯ ತಪ್ಪಿಸಲು ಒಂದು ತಿಂಗಳು ಕಡಿತ. ಗಲ್ಲಿಯೊಳಗಿನ ಒಂಟಿ ಕೋಣೆಗೂ ಇದೇ ನಮೂನೆ, ತಿಂಗಳಿಗೆ ಲಕ್ಷ ರೂಪಾಯಿ ಬಾಡಿಗೆಯ ಮನೆಗೂ ಇದೇ.

ಆಮೇಲೆ ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆ ಕೇಳುವುದು ಈ ಊರಿನ ಹಳೇ ಚಾಳಿ. ಈಗ ಚೌಕಾಸಿ ಮಾಡಿದರೆ ಐದಾರಕ್ಕೆ ಇಳಿಯುವುದೂ ಉಂಟು. ಲಕ್ಷದ ಬಾಡಿಗೆಗೆ ಹತ್ತು ಲಕ್ಷ ಕೊಟ್ಟವರು ಶೇ 7ರ ಲೆಕ್ಕದಲ್ಲಿ ವರ್ಷಕ್ಕೆ 70,000 ರೂಪಾಯಿ ಬಡ್ಡಿ ಕಳೆದುಕೊಳ್ಳುತ್ತಾರೆ. ಜಾಹೀರಾತಿನಲ್ಲಿ ಕಾಣದ ಬಾಡಿಗೆ ಇದು. ಮನೆ ಬಿಡುವಾಗ ಪೇಂಟಿಂಗ್ ಹೆಸರಿನಲ್ಲಿ ಇನ್ನೊಂದು ತಿಂಗಳ ಬಾಡಿಗೆ ಹೋಗುತ್ತದೆ, ಗೋಡೆ ಎಷ್ಟೇ ಶುಭ್ರವಾಗಿರಲಿ.

ಕಾನೂನು? ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಅಡ್ವಾನ್ಸ್ ಸಾಕು ಎನ್ನುತ್ತದೆ. ಆದರೆ ಆಯಾ ರಾಜ್ಯ ಅದನ್ನು ತನ್ನದಾಗಿಸಿಕೊಂಡರಷ್ಟೇ ಅದಕ್ಕೆ ಬಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯೋ, ಬೆಂಗಳೂರಿನಲ್ಲಿ ನಿಗದಿತ ಬಾಡಿಗೆ ತಿಂಗಳಿಗೆ 3,500 ರೂಪಾಯಿ ಮೀರಿದ ಕಟ್ಟಡದತ್ತ ತಿರುಗಿಯೂ ನೋಡುವುದಿಲ್ಲ. ಹಣವಂತರಿಗೆ ರಕ್ಷಣೆ ಯಾಕೆ ಎಂಬ ಧೋರಣೆ ಇರಬಹುದು. ಹಾಗಿದ್ದೂ ತಿಂಗಳ ಬಾಡಿಗೆ 50,000 ರೂಪಾಯಿ ದಾಟಿದರೆ ಶೇ 2ರಷ್ಟು ಟಿಡಿಎಸ್ ಹಿಡಿದು ಸರ್ಕಾರಕ್ಕೆ ಕಟ್ಟುವ ಕೆಲಸ ಮಾತ್ರ ಬಾಡಿಗೆದಾರನ ತಲೆಗೇ.

ಇಷ್ಟೆಲ್ಲ ತೆತ್ತು ಜನ ಕೊಳ್ಳುವುದು ಊರಿನ ಕೊರತೆಗಳಿಂದ ಬಿಡುಗಡೆ: ಕರೆಂಟ್ ಹೋದರೆ ಜನರೇಟರ್, ನಲ್ಲಿ ಒಣಗಿದರೆ ಟ್ಯಾಂಕರ್. 2024ರ ಬೇಸಿಗೆ ಆ ಭರವಸೆಯನ್ನೂ ಪರೀಕ್ಷಿಸಿತು. ಕಾರು ತೊಳೆಯಲು, ಕೈತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಈಜುಕೊಳಕ್ಕೆ ಕುಡಿಯುವ ನೀರು ತುಂಬಿಸುವುದಕ್ಕೂ ನಿಷೇಧ ಬಂತು. ಈಜುಕೊಳ ಖಾಲಿಯಾದ ತಿಂಗಳು ಬಾಡಿಗೆ ಇಳಿಸುವ ಷರತ್ತು ಇಂಥ ಕರಾರುಗಳಲ್ಲಿ ಹುಡುಕಿದರೂ ಸಿಗುವುದು ಅಪರೂಪ. ಮೇಂಟೆನೆನ್ಸ್ ಹೆಚ್ಚಿಸಬೇಕೇ, ಟ್ಯಾಂಕರ್ ಎಷ್ಟು ತರಿಸಬೇಕು ಎಂಬುದನ್ನು ತೀರ್ಮಾನಿಸುವುದು ಮಾಲೀಕರ ಸಂಘ. ಬಾಡಿಗೆದಾರನಿಗೆ ಅಲ್ಲಿ ಮತವಿಲ್ಲ.

ಮನೆ ಹುಡುಕುತ್ತಿರುವವರು ಕ್ಲಬ್‌ಹೌಸ್ ನೋಡುವ ಮೊದಲೇ ಕರಾರಿನ ಕರಡು ಕೇಳಿ. ಎರಡು ತಿಂಗಳ ಅಡ್ವಾನ್ಸ್, ರಸೀದಿ ತೋರಿಸಿದಷ್ಟೇ ಪೇಂಟಿಂಗ್ ಖರ್ಚು, ನೀರು ನಿಂತರೆ ಬಾಡಿಗೆಯಲ್ಲಿ ಕಡಿತ – ಈ ಮೂರನ್ನೂ ಬರೆಸಿಕೊಳ್ಳಿ. ಒಂದಕ್ಕೂ ಒಪ್ಪದ ಮಾಲೀಕರ ಮನೆ ಎಷ್ಟೇ ಚೆಂದವಿದ್ದರೂ ಆ ಬಾಡಿಗೆ ಬಾಳುವುದಿಲ್ಲ.